ಕಣ್ಣಲ್ಲಿ ನೀರು ಸುರೀತಿದೆ, ಡಾಕ್ಟ್ರು ಒಣಕಣ್ಣು ಅಂತಾರೆ!

ಆವತ್ತು ಸಂಜೆ ಜಿಗಣಿಯ ಎಪಿಸಿ ಸರ್ಕಲ್ ಹತ್ತಿರ ಸ್ಕೂಟರ್ ಪಕ್ಕಕ್ಕೆ ಹಾಕಿ ನಿಂತುಬಿಟ್ಟೆ. ಎರಡೂ ಕಣ್ಣಲ್ಲಿ ಧಾರಾಕಾರ ನೀರು. ಮುಂದಿದ್ದ ಗ್ರಾನೈಟ್ ಲಾರಿ ಬ್ರೇಕ್ ಹಾಕಿದ್ದು ನನಗೆ ಕಂಡಿದ್ದೇ ಕೊನೇ ಗಳಿಗೆಯಲ್ಲಿ, ಅದೂ ಕಲಸಿಹೋದ ಕೆಂಪು ಬಣ್ಣವಾಗಿ. ಹಿಂದಿನಿಂದ ಬಂದ ಆಟೋದವರು, "ಏನಮ್ಮಾ, ಅಳ್ತಾ ಅಳ್ತಾ ಗಾಡಿ ಓಡಿಸ್ಬೇಡಿ" ಅಂತ ಹೇಳಿ ಮುಂದೆ ಹೋದರು. ಅಳುತ್ತಿರಲಿಲ್ಲ. ಆಫೀಸಿನಿಂದ ಮನೆಗೆ ಹೋಗುತ್ತಿದ್ದೆ, ಅಷ್ಟೇ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನನ್ನದು ಡಿಸೈನ್ ಕೆಲಸ. ಎರಡು ಮಾನಿಟರ್, ತಲೆಯ ಮೇಲೆ ಸರಿಯಾಗಿ ಎ.ಸಿ. ಗಾಳಿಯ ಕಿಂಡಿ. ಆರೇಳು ತಿಂಗಳಿಂದ ಕಣ್ಣು ಏನೇನೋ ಹೇಳುತ್ತಿತ್ತು. ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡಿರುತ್ತಿತ್ತು, ಮೂಲೆಯಲ್ಲಿ ಗೀಜು. ಮಧ್ಯಾಹ್ನ ಮರಳು ಬಿದ್ದ ಹಾಗೆ ಗರಗರ. ನಾಲ್ಕು ಗಂಟೆ ಹೊತ್ತಿಗೆ ಡ್ರಾಯಿಂಗಿನ ಗೆರೆಗಳು ಮಸುಕು, ಎರಡು ಸಲ ಕಣ್ಣು ಮಿಟುಕಿಸಿದರೆ ಸ್ಪಷ್ಟ, ಮತ್ತೆ ಮಸುಕು. ಸಂಜೆ ಗಾಳಿಗೆ ಹೊರಟರೆ ನೀರು. ಕನ್ನಡಕದ ನಂಬರ್ ಹೆಚ್ಚಾಗಿರಬೇಕು ಅಂದುಕೊಂಡು ಹೊಸ ಕನ್ನಡಕವನ್ನೂ ಮಾಡಿಸಿದ್ದೆ. ಅಂಗಡಿಯವರು ಹೇಳಿದರು ಅಂತ ನೀಲಿ ಬೆಳಕು ತಡೆಯುವ ಲೆನ್ಸಿಗೆ ಹೆಚ್ಚು ದುಡ್ಡನ್ನೂ ಕೊಟ್ಟೆ. (ಕಣ್ಣಿನ ದಣಿವನ್ನು ಅಂಥ ಲೆನ್ಸ್ ಕಡಿಮೆ ಮಾಡುವುದು ಅನುಮಾನ ಅಂತ 2023ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಅದನ್ನು ಓದಿದ್ದು ದುಡ್ಡು ಹೋದ ಮೇಲೆ.)

ಕೊನೆಗೆ ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಅವರು ಐದು ನಿಮಿಷ ನೋಡಿ, "ಇದು ಡ್ರೈ ಐ" ಅಂದರು.

"ಮೇಡಂ, ನೀರು ಸುರೀತಾ ಇದೆ ಅಂತ ಬಂದಿದ್ದೀನಿ. ಒಣಗಿದೆ ಅಂತೀರಲ್ಲ?"

"ಎಲ್ಲರೂ ಇದನ್ನೇ ಕೇಳ್ತಾರಮ್ಮ. ಒಣಗಿದೆ, ಅದಕ್ಕೇ ಸುರೀತಿದೆ" ಅಂತ ನಕ್ಕರು.

ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ

ನಾವು ಕಣ್ಣೀರು ಅಂದರೆ ಬರೀ ಉಪ್ಪುನೀರು ಅಂದುಕೊಂಡಿದ್ದೇವೆ. ಕಣ್ಣಿನ ಮೇಲೆ ಸದಾ ಇರುವ ಆ ತೆಳು ಪೊರೆಯಲ್ಲಿ ಮೂರು ಪದಾರ್ಥಗಳಿವೆ. ಕಣ್ಣಿಗೆ ಅಂಟಿಕೊಂಡಿರುವ ಲೋಳೆ, ಅದರ ಮೇಲೆ ನೀರು, ನೀರಿನ ಮೇಲೆ ತೀರಾ ತೆಳುವಾದ ಎಣ್ಣೆ. ಎಣ್ಣೆಯ ಕೆಲಸ ನೀರು ಆವಿಯಾಗಿ ಹೋಗದಂತೆ ಮುಚ್ಚಳವಾಗುವುದು. ಅದು ಕೈಕೊಟ್ಟರೆ ನೀರು ಬೇಗ ಆರುತ್ತದೆ, ಅಲ್ಲಲ್ಲಿ ಕಾರ್ನಿಯಾ ಬಯಲಾಗುತ್ತದೆ. ಕಾರ್ನಿಯಾ ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ನಮ್ಮ ದೇಹದಲ್ಲಿ ನರಗಳು ಅತ್ಯಂತ ಒತ್ತಾಗಿರುವ ಜಾಗಗಳಲ್ಲಿ ಅದೂ ಒಂದು. ಅದಕ್ಕೆ ಉರಿ ತಗುಲಿದ ಕೂಡಲೇ ಮೆದುಳಿಗೆ ದೂರು ಹೋಗುತ್ತದೆ, ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಬಿಡುತ್ತದೆ. ಆ ನೀರನ್ನು ಹಿಡಿದಿಡುವ ಎಣ್ಣೆಯೇ ಇಲ್ಲ, ಆದ್ದರಿಂದ ಕೆನ್ನೆ ಮೇಲೆ ಹರಿದುಹೋಗುತ್ತದೆ. ಕಣ್ಣು ಮತ್ತೆ ಒಣ.

ಮಸುಕಾಗುವುದಕ್ಕೂ ಇದೇ ಕಾರಣ. ಬೆಳಕು ಕಣ್ಣಿನೊಳಗೆ ಹೋಗುವಾಗ ಮೊದಲು ದಾಟುವುದು ಈ ಪೊರೆಯನ್ನೇ. ಅದು ಒಡೆದಿದ್ದರೆ ಎಂಥ ಕನ್ನಡಕ ಹಾಕಿದರೂ ಅಷ್ಟೇ.

ಆ ಎಣ್ಣೆ ಬರುವುದು ರೆಪ್ಪೆಯೊಳಗಿನ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ ಸುಮಾರು ಮೂವತ್ತು, ಕೆಳಗಿನದರಲ್ಲಿ ಸ್ವಲ್ಪ ಕಡಿಮೆ. 1666ರಲ್ಲಿ ಇವುಗಳನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್ ಹೆಸರಿನಲ್ಲೇ ಇವಕ್ಕೆ ಮೈಬೋಮಿಯನ್ ಗ್ರಂಥಿ ಅನ್ನುತ್ತಾರೆ. ಡಾಕ್ಟರ್ ನನ್ನ ಕೆಳರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿ, ಅದನ್ನೇ ಸ್ಕ್ರೀನಿನಲ್ಲಿ ದೊಡ್ಡದಾಗಿ ತೋರಿಸಿದರು. ಅಡುಗೆ ಎಣ್ಣೆಯ ಹಾಗೆ ತಿಳಿಯಾಗಿ ಬರಬೇಕಾದದ್ದು ಬಿಳಿಯಾಗಿ, ಗಟ್ಟಿಯಾಗಿ, ಟೂತ್‌ಪೇಸ್ಟಿನ ಹಾಗೆ ಹೊರಬಂತು. ನನಗೆ ನೆನಪಾಗಿದ್ದು ಡಿಸೆಂಬರ್ ತಿಂಗಳಲ್ಲಿ ನಮ್ಮ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ. ಒಳಗೆ ಎಣ್ಣೆ ಇದೆ, ತಲೆಕೆಳಗು ಮಾಡಿದರೂ ಬೀಳುವುದಿಲ್ಲ.

ಆಮೇಲೆ ಗ್ರಂಥಿಗಳ ಫೋಟೋ ತೆಗೆದರು. ಆರೋಗ್ಯವಾದ ಗ್ರಂಥಿಗಳು ಬಿಳಿ ಪಟ್ಟೆಗಳಾಗಿ ಸಾಲಾಗಿ ಕಾಣುತ್ತವೆ. ನನ್ನದರಲ್ಲಿ ಮಧ್ಯೆ ಮಧ್ಯೆ ಖಾಲಿ ಜಾಗ, ಅರ್ಧ ಕಾಳು ಉದುರಿದ ಜೋಳದ ತೆನೆಯ ಹಾಗೆ. "ತುಂಬ ದಿನ ಕಟ್ಟಿಕೊಂಡಿದ್ದರೆ ಗ್ರಂಥಿ ಸವೆದುಹೋಗುತ್ತೆ. ಹೋಗಿದ್ದನ್ನ ವಾಪಸ್ ತರೋದು ಕಷ್ಟ. ಉಳಿದಿರೋದನ್ನ ಉಳಿಸಿಕೊಳ್ಳೋಣ" ಅಂದರು. ಅಲ್ಲಿಯವರೆಗೂ ಇದನ್ನು ಕಿರಿಕಿರಿ ಅಂತಷ್ಟೇ ತಿಳಿದಿದ್ದ ನನಗೆ ಆಗ ಭಯವಾಯಿತು.

ಇನ್ನೆರಡು ಪರೀಕ್ಷೆ ನಡೆಯಿತು. ಒಂದರಲ್ಲಿ ಕಣ್ಣಿಗೆ ಹಳದಿ ಬಣ್ಣ ಹಾಕಿ, ಮಿಟುಕಿಸದೆ ಬಿಟ್ಟಾಗ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಅಂತ ಎಣಿಸುತ್ತಾರೆ. ಹತ್ತು ಸೆಕೆಂಡಾದರೂ ನಿಲ್ಲಬೇಕು, ನನ್ನದು ನಾಲ್ಕಕ್ಕೇ ಒಡೆಯಿತು. ಇನ್ನೊಂದು ಶಿರ್ಮರ್ ಪರೀಕ್ಷೆ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತು ಅಂತ ನೋಡುವುದು. ಅದರಲ್ಲಿ ನಾನು ಪಾಸ್. ನೀರಿದೆ, ಎಣ್ಣೆ ಇಲ್ಲ. ಒಣಕಣ್ಣು ಇರುವ ಹೆಚ್ಚಿನವರಲ್ಲಿ ಈ ಎಣ್ಣೆಯ ತೊಂದರೆ ಸ್ವಲ್ಪವಾದರೂ ಇದ್ದೇ ಇರುತ್ತದಂತೆ. ನೀರೇ ಕಡಿಮೆ ಆಗುವವರ ಗುಂಪು ಬೇರೆ, ಅವರ ವಿಷಯ ಮುಂದೆ ಬರುತ್ತದೆ.

ಮಿಟುಕಿಸುವುದನ್ನೇ ಮರೆತರೆ

ಗ್ರಂಥಿಯಲ್ಲಿರುವ ಎಣ್ಣೆ ತಾನಾಗೇ ಹೊರಗೆ ಬರುವುದಿಲ್ಲ. ಪ್ರತಿ ಸಲ ಕಣ್ಣು ಮುಚ್ಚಿದಾಗ ರೆಪ್ಪೆ ಒತ್ತಿಕೊಂಡು ಒಂದಿಷ್ಟು ಹಿಂಡುತ್ತದೆ, ತೆರೆಯುವಾಗ ಅದನ್ನು ಕಣ್ಣಿನ ಮೇಲೆ ಎಳೆದು ಹರಡುತ್ತದೆ. ಸುಮ್ಮನೆ ಹರಟುತ್ತಾ ಕೂತಾಗ ನಾವು ನಿಮಿಷಕ್ಕೆ ಹದಿನೈದು ಸಲದ ಆಸುಪಾಸು ಮಿಟುಕಿಸುತ್ತೇವೆ. ಸ್ಕ್ರೀನ್ ಮುಂದೆ ಅದು ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಅರ್ಧ ಮಿಟುಕು. ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟದೇ ಮೇಲೆ ಹೋಗಿಬಿಡುತ್ತದೆ. ಆಫೀಸಿನಲ್ಲಿ ಪಕ್ಕದ ಸೀಟಿನವಳ ಹತ್ತಿರ ನಾನು ಕೆಲಸ ಮಾಡುವಾಗ ಒಂದು ವಿಡಿಯೋ ತೆಗೆಸಿಕೊಂಡೆ. ಒಂದು ನಿಮಿಷದಲ್ಲಿ ಐದು ಸಲ, ಅದರಲ್ಲಿ ಪೂರ್ತಿ ಮುಚ್ಚಿದ್ದು ಎರಡೇ ಸಲ. ನೀವೂ ಒಮ್ಮೆ ತೆಗೆಸಿ ನೋಡಿ, ಬಿಟ್ಟಿ ಪರೀಕ್ಷೆ.

ಅದರ ಮೇಲೆ ನಮ್ಮ ಕಡೆಯ ದಿನಚರಿ. ಎಂಟೊಂಬತ್ತು ಗಂಟೆ ಎ.ಸಿ.ಯ ಒಣಗಾಳಿ. ಬೊಮ್ಮಸಂದ್ರ–ಜಿಗಣಿ ಲಿಂಕ್ ರೋಡಿನಲ್ಲಿ ಲಾರಿಗಳ ಹಿಂದೆ ಧೂಳು. ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡು ಓಡಿಸುವ ಚಟ. ಮನೆಗೆ ಬಂದು ಫ್ಯಾನಿನ ಕೆಳಗೆ ಮಲಗಿ ಮತ್ತೆ ಫೋನು. ಕೆಲವರಿಗೆ ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚಿರುವುದಿಲ್ಲ, ಅಂಥವರಿಗೆ ಫ್ಯಾನಿನ ಗಾಳಿ ಬೆಳಗಿನವರೆಗೂ ಕಣ್ಣು ಒಣಗಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು, ಹೊಸದಾಗಿ ಲ್ಯಾಸಿಕ್ ಮಾಡಿಸಿಕೊಂಡವರು, ಅಲರ್ಜಿಗೆ ದಿನಾ ಮಾತ್ರೆ ನುಂಗುವವರು, ಮೊಡವೆಗೆ ಐಸೊಟ್ರೆಟಿನೋಯಿನ್ ತಗೊಳ್ಳುವವರು, ಕೆಲವು ಖಿನ್ನತೆಯ ಮಾತ್ರೆ ತಗೊಳ್ಳುವವರು, ಇವರಿಗೆಲ್ಲ ಇದು ಹೆಚ್ಚು. ಮಾತ್ರೆ ನಿಲ್ಲಿಸಿ ಅಂತ ಹೇಳುತ್ತಿಲ್ಲ, ಕಣ್ಣಿನ ಡಾಕ್ಟರ್ ಮುಂದೆ ಆ ಮಾತ್ರೆಗಳ ಹೆಸರು ಹೇಳಿ.

ಆ ಪುಟ್ಟ ಬಾಟಲಿ

ಇಲ್ಲಿ ನನ್ನದೇ ತಪ್ಪನ್ನು ಹೇಳಿಬಿಡಬೇಕು. ಡಾಕ್ಟರ್ ಹತ್ತಿರ ಹೋಗುವುದಕ್ಕೆ ಎರಡು ತಿಂಗಳು ಮೊದಲೇ ನಾನು ಮನೆ ಹತ್ತಿರದ ಒಂದು ಮೆಡಿಕಲ್ ಶಾಪಿಗೆ ಹೋಗಿದ್ದೆ. "ಅಣ್ಣಾ, ಕಣ್ಣು ಕೆಂಪಾಗಿದೆ, ಉರಿ." ಅವರು ಏನೂ ಕೇಳದೆ ಒಂದು ಡ್ರಾಪ್ಸ್ ಕೊಟ್ಟರು. ಹಾಕಿದ ಮಾರನೇ ದಿನವೇ ಕಣ್ಣು ಬೆಳ್ಳಗೆ, ಹಾಯೆನ್ನಿಸಿತು. ಖಾಲಿಯಾದಾಗ ಇನ್ನೊಂದು, ಆಮೇಲೆ ಮತ್ತೊಂದು. ನಿಲ್ಲಿಸಿದರೆ ಎರಡೇ ದಿನದಲ್ಲಿ ಮತ್ತೆ ಕೆಂಪು. ಅಂದರೆ ಔಷಧಿ ಕೆಲಸ ಮಾಡುತ್ತಿದೆ ಅಂತ ನನ್ನ ಲೆಕ್ಕ!

ಡಾಕ್ಟರ್ ಬ್ಯಾಗಿನಿಂದ ಆ ಬಾಟಲಿ ತೆಗೆಸಿ ನೋಡಿದರು, ಮುಖ ಬದಲಾಯಿತು. ಆ್ಯಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್ ಇರುವ ಡ್ರಾಪ್ಸ್, ಅಂದರೆ ಸ್ಟೀರಾಯ್ಡ್. ಕೂಡಲೇ ಕಣ್ಣಿನ ಒತ್ತಡ ಅಳೆದರು. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕಾದದ್ದು ನನ್ನ ಬಲಗಣ್ಣಲ್ಲಿ 27, ಎಡಗಣ್ಣಲ್ಲಿ 26. ಸ್ಟೀರಾಯ್ಡ್ ಹನಿ ಕೆಲವರಲ್ಲಿ ಕೆಲವೇ ವಾರಗಳಲ್ಲಿ ಒತ್ತಡ ಏರಿಸುತ್ತದೆ. ನೋವಿರುವುದಿಲ್ಲ, ಗೊತ್ತೂ ಆಗುವುದಿಲ್ಲ. ಹಾಗೇ ಮುಂದುವರಿದರೆ ದೃಷ್ಟಿನರ ಹಾಳಾಗಿ ಗ್ಲಾಕೋಮಾ ಬರುತ್ತದೆ, ಅದರಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಕಣ್ಣಿನ ಪೊರೆ ಕೂಡ ಬೇಗ ಬರಬಹುದು. ನನ್ನ ನರಕ್ಕೆ ಏನೂ ಆಗಿರಲಿಲ್ಲ. ನಿಲ್ಲಿಸಿ ಐದು ವಾರಕ್ಕೆ ಒತ್ತಡ 16ಕ್ಕೆ ಇಳಿಯಿತು. ಆ ಐದು ವಾರ ರಾತ್ರಿ ಮಲಗುವ ಮುಂಚೆ ಒಂದೊಂದು ಕಣ್ಣು ಮುಚ್ಚಿ ಗೋಡೆ ಮೇಲಿನ ಕ್ಯಾಲೆಂಡರ್ ಓದುತ್ತಿದ್ದೆ. ನಗಬೇಡಿ.

ಸ್ಟೀರಾಯ್ಡ್ ಅಂದರೆ ವಿಷ ಅಂತಲ್ಲ. ಒಣಕಣ್ಣಿನ ಉರಿಯೂತ ಜಾಸ್ತಿಯಿದ್ದರೆ ಡಾಕ್ಟರೇ ಕೆಲವು ದಿನಕ್ಕೆ ಬರೆಯುತ್ತಾರೆ, ಒತ್ತಡ ನೋಡಿಕೊಂಡು ನಿಲ್ಲಿಸುತ್ತಾರೆ. ಲೆಕ್ಕವಿಲ್ಲದೆ ಹಾಕಿಕೊಳ್ಳುವುದೇ ಅಪಾಯ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೋಲೋನ್, ಲೋಟೆಪ್ರೆಡ್ನಾಲ್ ಈ ಯಾವುದಾದರೂ ಹೆಸರಿದ್ದರೆ ಅದು ಸ್ಟೀರಾಯ್ಡ್. ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ಕೆಂಪು ಹೋಗಲಾಡಿಸುವ ನ್ಯಾಫಜೋಲಿನ್ ಥರದ ಹನಿಗಳ ಕಥೆ ಬೇರೆ. ಅವು ರಕ್ತನಾಳಗಳನ್ನು ಸ್ವಲ್ಪ ಹೊತ್ತು ಕುಗ್ಗಿಸುತ್ತವೆ, ಅಷ್ಟೇ. ದಿನಾ ಹಾಕಿದರೆ ಬಿಟ್ಟಾಗ ಕೆಂಪು ಇನ್ನೂ ಜೋರಾಗಿ ಬರುತ್ತದೆ.

ಮನೆಮದ್ದಿನ ಬಗ್ಗೆಯೂ ಒಂದು ಮಾತು. ನಮ್ಮಮ್ಮ ಹಿತ್ತಲ ನಂದಿಬಟ್ಟಲು ಹೂವನ್ನು ನೀರಲ್ಲಿ ಅದ್ದಿ ಮುಚ್ಚಿದ ಕಣ್ಣಿನ ಮೇಲೆ ಇಡುತ್ತಿದ್ದರು. ತಂಪಾಗಿ ಹಿತ ಅನ್ನಿಸುತ್ತದೆ, ರೆಪ್ಪೆ ಮೇಲಿದ್ದರೆ ತಕರಾರಿಲ್ಲ. ಆದರೆ ಹೂವಿನ ರಸ, ಹರಳೆಣ್ಣೆ, ರೋಸ್ ವಾಟರ್, ಜೇನುತುಪ್ಪ, ಎದೆಹಾಲು ಇವನ್ನು ಕಣ್ಣೊಳಗೆ ಬಿಡಬೇಡಿ. ಸೋಂಕು ತಗುಲಿದರೆ ಕಾರ್ನಿಯಾದಲ್ಲಿ ಹುಣ್ಣಾಗಿ ಕಲೆ ಉಳಿಯುತ್ತದೆ.

ಅಮ್ಮ ಹೊಲಿದ ಅಕ್ಕಿ ಚೀಲ

ಚಿಕಿತ್ಸೆ ಅಂದಾಗ ನಾನು ಏನೋ ದೊಡ್ಡದನ್ನು ನಿರೀಕ್ಷಿಸಿದ್ದೆ. ಡಾಕ್ಟರ್ ಮೊದಲು ಹೇಳಿದ್ದು ಶಾಖ. ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಬಾಟಲಿಯನ್ನು ನಾವು ಬಿಸಿನೀರಲ್ಲಿ ಇಡುತ್ತೇವಲ್ಲ, ಅದೇ ಉಪಾಯ. ಸುಮಾರು 40 ಡಿಗ್ರಿ ಬಿಸಿ, ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಒದ್ದೆ ಬಟ್ಟೆ ಎರಡೇ ನಿಮಿಷಕ್ಕೆ ಆರುತ್ತದೆ, ಹತ್ತು ನಿಮಿಷಕ್ಕೆ ಐದು ಸಲ ಅದ್ದಬೇಕು. ಅಂಗಡಿಯಲ್ಲಿ ಇದಕ್ಕೇ ಮಾಸ್ಕ್ ಸಿಗುತ್ತದೆ. ನಮ್ಮಮ್ಮ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಪುಟ್ಟ ಚೀಲ ಹೊಲಿದು, ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತುಂಬಿ ಕೊಟ್ಟರು. ಮೊದಲು ಮಣಿಕಟ್ಟಿನ ಒಳಗಡೆ ಇಟ್ಟು ನೋಡಿ. ಅಲ್ಲಿ ಚುರುಕ್ ಅಂದರೆ ಕಣ್ಣಿಗೆ ಬೇಡ.

ಶಾಖ ಆದ ಕೂಡಲೇ, ಎಣ್ಣೆ ಕರಗಿರುವಾಗಲೇ, ತೊಳೆದ ಬೆರಳಿಂದ ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿನದನ್ನು ಕೆಳಗಿಂದ ಮೇಲಕ್ಕೆ, ಅಂಚಿನ ಕಡೆಗೆ ನವಿರಾಗಿ ಸವರಬೇಕು. ಉಜ್ಜುವುದಲ್ಲ. ಕಣ್ಣು ಉಜ್ಜುವ ಅಭ್ಯಾಸದಿಂದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಹೆಚ್ಚುತ್ತದೆ. ಆಮೇಲೆ ಎವೆಗಳ ಬುಡವನ್ನು ಒರೆಸಿ ಹೊಟ್ಟು ತೆಗೆಯುವುದು. ಕಾಡಿಗೆ, ಐಲೈನರ್ ಹಚ್ಚುವವರು ಅದನ್ನು ರೆಪ್ಪೆಯ ಒಳಅಂಚಿಗೆ ಎಳೆಯಬಾರದು, ಗ್ರಂಥಿಯ ಬಾಯಿಗಳು ಇರುವುದು ಅಲ್ಲೇ.

ಎರಡನೆಯದು ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಲುರೋನೇಟ್ ಹೀಗೆ ಹಲವು ಬಗೆ. ಎಣ್ಣೆಯ ತೊಂದರೆಯವರಿಗೆ ಜಿಡ್ಡಿನಂಶ ಬೆರೆತದ್ದೂ ಸಿಗುತ್ತದೆ. ನಾನು ಕಲಿತ ಮುಖ್ಯ ವಿಷಯ ಪ್ರಿಸರ್ವೇಟಿವ್ ಬಗ್ಗೆ. ಬಾಟಲಿ ಕೆಡದಿರಲಿ ಅಂತ ಹಾಕುವ ಬೆಂಜಲ್ಕೋನಿಯಮ್ ಕ್ಲೋರೈಡ್ ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಪದರಕ್ಕೇ ಹಾನಿ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕುವುದಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ದುಬಾರಿ, ನಿಜ. ಮಾಮೂಲಿ ಬಾಟಲಿಯನ್ನು ತೆರೆದ ಒಂದು ತಿಂಗಳಿಗೆ ಬಿಸಾಡಿ, ಅರ್ಧ ಉಳಿದಿದ್ದರೂ.

ಇಷ್ಟಕ್ಕೆ ಬಗ್ಗದಿದ್ದರೆ ಡಾಕ್ಟರ್ ಹತ್ತಿರ ಇನ್ನೂ ದಾರಿಗಳಿವೆ. ಸೈಕ್ಲೋಸ್ಪೋರಿನ್ ಹನಿ ಮೊದಮೊದಲು ಉರಿಯುತ್ತದೆ, ಗುಣ ಕಾಣಲು ತಿಂಗಳುಗಳೇ ಬೇಕು, ಎರಡು ವಾರಕ್ಕೆ ಬಿಟ್ಟವರೇ ಜಾಸ್ತಿ ಇರಬೇಕು. ಕಣ್ಣೀರು ಮೂಗಿಗೆ ಇಳಿಯುವ ಪುಟ್ಟ ರಂಧ್ರಕ್ಕೆ ಬಿರಡೆ ಹಾಕುವುದುಂಟು. ಗ್ರಂಥಿಗಳಿಗೆ ಯಂತ್ರದಿಂದ ಶಾಖ, ಬೆಳಕಿನ ಚಿಕಿತ್ಸೆಯೂ ಇದೆ. ಮೀನೆಣ್ಣೆ ಮಾತ್ರೆ ನುಂಗಿ ಅಂತ ನನಗೆ ಹೇಳದವರಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಡ್ರೀಮ್ ಅಧ್ಯಯನದಲ್ಲಿ 535 ಜನರಿಗೆ ಒಂದು ವರ್ಷ ಒಮೆಗಾ-3 ಅಥವಾ ಬರೀ ಆಲಿವ್ ಎಣ್ಣೆ ಕೊಟ್ಟು ನೋಡಿದರು. ಎರಡು ಗುಂಪಿಗೂ ಸುಧಾರಿಸಿತು, ಒಮೆಗಾ-3 ಗುಂಪಿಗೆ ಅಂತ ಹೆಚ್ಚೇನೂ ಇಲ್ಲ. ಮೀನು ತಿನ್ನುವವರು ತಿನ್ನಿ, ರುಚಿಗೆ.

ನಮ್ಮೂರ ಪಕ್ಕದವರ ಪ್ರಯೋಗ

ಜಿಗಣಿ ಹತ್ತಿರ ಪ್ರಶಾಂತಿ ಕುಟೀರಂ ಇದೆ, ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯ ಇರುವ ಜಾಗ. ಅದೇ ಬಳಗದ ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದ ಶೆರ್ಲಿ ಟೆಲ್ಸ್ ಮತ್ತು ಸಂಗಡಿಗರು ಬೆಂಗಳೂರಿನ ಕಂಪ್ಯೂಟರ್ ನೌಕರರ ಕಣ್ಣಿನ ಮೇಲೆ ಅಧ್ಯಯನ ಮಾಡಿ 2006ರಲ್ಲೇ ಪ್ರಕಟಿಸಿದ್ದಾರೆ ಅಂತ ಗೊತ್ತಾದಾಗ ಖುಷಿಯಾಯಿತು. ಕಂಪ್ಯೂಟರಿನವರ ಕಣ್ಣಿನ ಗೋಳಿಗೆ ಮುಖ್ಯ ಕಾರಣ ಒಣಕಣ್ಣು ಅಂತಲೇ ಆ ಲೇಖನ ಶುರುವಾಗುತ್ತದೆ. 291 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಯೋಗ. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ತಮ್ಮಿಷ್ಟದ ಆಟ, ಮನರಂಜನೆ. 60 ದಿನದ ನಂತರ ಯೋಗದವರ ಕಣ್ಣಿನ ತೊಂದರೆ ಇಳಿದಿತ್ತು, ಇನ್ನೊಂದು ಗುಂಪಿನವರದ್ದು ಏರಿತ್ತು.

ಈ ಸುದ್ದಿಯನ್ನು ಹಾಗೇ ಫಾರ್ವರ್ಡ್ ಮಾಡುವ ಮುಂಚೆ ಇನ್ನೊಂದು ಲೆಕ್ಕ ನೋಡಿ. ಕೊನೆಯವರೆಗೆ ಉಳಿದವರು ಯೋಗದ ಗುಂಪಲ್ಲಿ 62, ಇನ್ನೊಂದರಲ್ಲಿ 55. ಅರ್ಧಕ್ಕಿಂತ ಹೆಚ್ಚು ಜನ ನಡುವೆಯೇ ಬಿಟ್ಟರು (ಐ.ಟಿ.ಯವರಲ್ವಾ, ಡೆಡ್‌ಲೈನ್ ಇರಬೇಕು). ಅಳೆದದ್ದು ಜನ ತಾವೇ ತುಂಬಿಕೊಟ್ಟ ಪ್ರಶ್ನಾವಳಿಯನ್ನು. ಹಾಗಾಗಿ ಯೋಗ ಮಾಡಿದರೆ ಕಟ್ಟಿಕೊಂಡ ಗ್ರಂಥಿ ತೆರೆಯುತ್ತದೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ದಿನಕ್ಕೊಂದು ಗಂಟೆ ಅದಕ್ಕೆ ಮೀಸಲಿಟ್ಟು ಹಾಯಾಗಿದ್ದವರನ್ನು ಅನುಮಾನಿಸುವುದೂ ಇಲ್ಲ.

ಆಫೀಸಿನಲ್ಲಿ ನಾನು ಮಾಡಿಕೊಂಡ ಬದಲಾವಣೆ ಸಣ್ಣವು. ಮಾನಿಟರನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿಸಿದೆ. ಕೆಳಗೆ ನೋಡುವಾಗ ರೆಪ್ಪೆ ಅರ್ಧ ಇಳಿದಿರುತ್ತದೆ, ಗಾಳಿಗೆ ತೆರೆದ ಜಾಗ ಕಡಿಮೆ. ಅಡ್ಮಿನ್‌ಗೆ ಮೂರು ಮೇಲ್ ಹಾಕಿದ ಮೇಲೆ ಎ.ಸಿ. ಕಿಂಡಿಯ ರೆಕ್ಕೆ ತಿರುಗಿಸಿಕೊಟ್ಟರು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ದೂರ ನೋಡುವುದು ನಿಮಗೆಲ್ಲ ಗೊತ್ತು. ನಾನು ಆ ಇಪ್ಪತ್ತು ಸೆಕೆಂಡಲ್ಲಿ ಹತ್ತು ಸಲ ಪೂರ್ತಿ ಕಣ್ಣು ಮುಚ್ಚಿ ತೆಗೆಯುತ್ತೇನೆ. ಮ್ಯಾನೇಜರ್ ಒಮ್ಮೆ, "ನಿದ್ದೆ ಬರ್ತಿದ್ಯಾ?" ಅಂತ ಕೇಳಿದರು. ಇಲ್ಲ ಸರ್, ಎಣ್ಣೆ ಹಚ್ತಿದೀನಿ ಅಂದೆ.

ಇವಕ್ಕೆ ಮಾತ್ರ ಕಾಯಬೇಡಿ

ನೋವು, ದೃಷ್ಟಿ ಇಳಿದಿದ್ದು, ಬೆಳಕು ನೋಡಲಾಗದ್ದು, ಒಂದೇ ಕಣ್ಣು ಕೆಂಪಾದದ್ದು, ಇವನ್ನು ಒಣಕಣ್ಣು ಅಂತ ನೀವೇ ತೀರ್ಮಾನಿಸಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ ಕಣ್ಣು ಕೆಂಪಾದರೆ ಲೆನ್ಸ್ ತೆಗೆದು ಆವತ್ತೇ ತೋರಿಸಿ. ಕಲ್ಲು ಕತ್ತರಿಸುವ, ಗ್ರೈಂಡಿಂಗ್ ಮಾಡುವ ಕಡೆ ಕೆಲಸ ಮಾಡುವವರಿಗೆ ಗರಗರ ಅಂದರೆ ನಿಜವಾಗಿಯೂ ಚೂರು ಸಿಕ್ಕಿರಬಹುದು. ಬೆಂಕಿಕಡ್ಡಿಯಲ್ಲಿ ತೆಗೆಸಬೇಡಿ. ರಾಸಾಯನಿಕ ಸಿಡಿದರೆ ಮೊದಲು ನೀರು, ಧಾರಾಳ ನೀರು, ಆಮೇಲೆ ಆಸ್ಪತ್ರೆ.

ಕಣ್ಣಿನ ಜೊತೆ ಬಾಯಿಯೂ ಒಣಗುತ್ತಿದ್ದರೆ, ನೀರಿಲ್ಲದೆ ಚಪಾತಿ ನುಂಗಲಾಗದಿದ್ದರೆ, ಕೀಲು ನೋವಿದ್ದರೆ ಅದು ಶೋಗ್ರೆನ್ ಕಾಯಿಲೆ ಇರಬಹುದು. 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ವಿವರಿಸಿದ್ದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿ ಬೀಳುತ್ತದೆ. ಹೆಂಗಸರಲ್ಲೇ ಹೆಚ್ಚು. ಇದಕ್ಕೆ ರಕ್ತಪರೀಕ್ಷೆ, ಬೇರೆ ತಜ್ಞರು ಬೇಕು.

ಇದನ್ನು ಅಮ್ಮನಿಗೆ ಓದಿ ಹೇಳುತ್ತಿದ್ದಾಗ ಅವರು ಸುಮ್ಮನಾದರು. "ನನ್ಗೂ ಮುಟ್ಟು ನಿಂತ ಮೇಲಿಂದ ಹಿಂಗೇ ಕಣೇ, ಕಣ್ಣು ಗರಗರ. ವಯಸ್ಸಾಯ್ತಲ್ಲ ಅಂತ ಸುಮ್ನಿದ್ದೆ." ಆರು ವರ್ಷ! ನನ್ನ ಕಣ್ಣಿಗೆ ಚೀಲ ಹೊಲಿದುಕೊಟ್ಟವರು ತಮ್ಮ ಕಣ್ಣಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮುಂದಿನ ಶನಿವಾರವೇ ಕರೆದುಕೊಂಡು ಹೋದೆ. ಅವರ ಶಿರ್ಮರ್ ಕಾಗದ ಐದು ನಿಮಿಷದಲ್ಲಿ ಆರು ಮಿಲಿಮೀಟರ್ ನೆನೆದಿತ್ತು, ಅವರಿಗೆ ನೀರೇ ಕಡಿಮೆ. ಬಾಯಿ, ಕೀಲಿನ ಬಗ್ಗೆ ಕೇಳಿ, ರಕ್ತಪರೀಕ್ಷೆ ಮಾಡಿಸಿದರು. ಶೋಗ್ರೆನ್ ಅಲ್ಲ ಅಂತಾಯಿತು. ಈಗ ಹನಿ ಹಾಕುತ್ತಿದ್ದಾರೆ.

ನನ್ನ ಪೊರೆ ಈಗ ಏಳು ಸೆಕೆಂಡು ನಿಲ್ಲುತ್ತದೆ. ಫೋಟೋದ ಖಾಲಿ ಜಾಗಗಳು ಹಾಗೇ ಇವೆ, ಹೊಸದಾಗಿ ಖಾಲಿ ಆಗಿಲ್ಲ. ರಾತ್ರಿ ಊಟ ಆದ ಮೇಲೆ ಅಮ್ಮ ಬಾಣಲೆಗೆ ಅಕ್ಕಿ ಹಾಕುತ್ತಾರೆ. ಹತ್ತು ನಿಮಿಷ ಚೀಲ ಹೊತ್ತು ನಾನು ದಿವಾನದ ಮೇಲೆ ಮಲಗಿರುತ್ತೇನೆ, ಟಿ.ವಿ.ಯ ಧಾರಾವಾಹಿ ಬರೀ ಕಿವಿಗೆ. ಕಣ್ಣು ಮುಚ್ಚಿರುವ ನನಗೆ ಯಾರು ಯಾರ ಮೇಲೆ ಗುರಾಯಿಸುತ್ತಿದ್ದಾರೆ ಅಂತ ಅಮ್ಮನೇ ಹೇಳಬೇಕು. ಅವರೂ ನಡುವೆ ನಡುವೆ ಕಣ್ಣು ಮುಚ್ಚಿ ತೆಗೆಯುತ್ತಾರೆ.